ಎರಡು ಬೆರಳಿನ ಸಡಿಲ

ಊರಿನವರು ಟೈಲರನನ್ನು ಎರಡ್ಬೆರಳು ಎಂದು ಕರೆಯುತ್ತಿದ್ದದ್ದು ಅವನ ಕೈಯಲ್ಲಿ ಎರಡೇ ಬೆರಳಿದ್ದವು ಅಂತಲ್ಲ. ಹತ್ತೂ ಇದ್ದವು, ಹತ್ತರ ತುದಿಯೂ ಸೂಜಿ ಚುಚ್ಚಿ ಚುಚ್ಚಿ ಜರಡಿಯ ಹಾಗಾಗಿದ್ದವು. ಅವನು ಹೊಲಿದ ಬಟ್ಟೆಯ ಕತ್ತಿನಲ್ಲಾಗಲಿ, ಕಂಕುಳಲ್ಲಾಗಲಿ, ಸೊಂಟದಲ್ಲಾಗಲಿ ಎರಡು ಬೆರಳು ಸಲೀಸಾಗಿ ತೂರಲೇಬೇಕು. ತೂರದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಗಿರಾಕಿ ಬೇಡವೆಂದರೂ ಹೊಲಿಯುತ್ತಿದ್ದ. ಒಮ್ಮೆ ಗಾಳಿ ಜೋರಾಗಿದ್ದ ದಿನ ಪುರಸಭೆಯ ಗುಮಾಸ್ತನೊಬ್ಬನನ್ನು ಅವನ ಹೊಸ ಅಂಗಿಯೇ ಎತ್ತಿಕೊಂಡು ಹೋಗಿ ನಾಲ್ಕು ಅಂಗಡಿಯಾಚೆ ಇಳಿಸಿತಂತೆ. ನಾಲ್ಕು ಅನ್ನುವುದು ಗುಮಾಸ್ತನ ಮಾತು. ಕಣ್ಣಾರೆ ಕಂಡವರು ಮೂರೇ ಅನ್ನುತ್ತಾರೆ. ಇಲ್ಲದ್ದನ್ನು ಯಾಕೆ ಹೇಳಬೇಕು?

ಈ ಸಡಿಲಕ್ಕೆ ಕಾರಣವಿತ್ತು. ಕಸುಬು ಕಲಿತ ಹೊಸದರಲ್ಲಿ ಅವನು ಒಬ್ಬ ಹೆಡ್‌ಮಾಸ್ತರಿಗೆ ಮೈಗೆ ಅಂಟುವಂಥ ಕೋಟು ಹೊಲಿದುಕೊಟ್ಟಿದ್ದ. ನಿವೃತ್ತಿಯ ದಿನ ಹೆಡ್‌ಮಾಸ್ತರು ಅದನ್ನು ತೊಟ್ಟು ಭಾಷಣಕ್ಕೆ ನಿಂತು, ಮೂರನೆಯ ವಾಕ್ಯಕ್ಕೆ ದೊಪ್ಪನೆ ಬಿದ್ದರು. ಬೆಳಗಿನಿಂದ ಏನೂ ತಿಂದಿಲ್ಲ, ಅದಕ್ಕೇ ತಲೆಸುತ್ತು ಎಂದರು ಡಾಕ್ಟರು. ಅರ್ಧ ಗಂಟೆಯಲ್ಲಿ ಹೆಡ್‌ಮಾಸ್ತರು ಎದ್ದು ಕೂತು ಕಾಫಿ ಕುಡಿದರು. ಭಾಷಣ ತಪ್ಪಿತಲ್ಲ ಎಂದು ಸಭೆಯಲ್ಲಿದ್ದ ಇಬ್ಬರು ಟೈಲರನ ಕೈ ಕುಲುಕಿಯೂ ಹೋದರು. ಆದರೆ ಆ ಕಾಲರಿನ ಗುಂಡಿ, ಅದರ ಮೇಲೆ ಉಬ್ಬಿದ ಆ ಕೆಂಪು ಕತ್ತು ಟೈಲರನ ಕಣ್ಣಲ್ಲಿ ಕೂತುಬಿಟ್ಟವು. ಅಂದಿನಿಂದ ಅವನ ಪಾಲಿಗೆ ಬಿಗಿ ಎಂದರೆ ಜೀವ ಹೋಗುವ ವಿಷಯ.

ಇಂಥವನ ಹೆಂಡತಿಗೆ, ತಣ್ಣೀರಲ್ಲಿ ಈಜುವವರು ಮೈಗೆ ಅಂಟುವಂತೆ ತೊಡುವ ರಬ್ಬರಿನ ಉಡುಪು, ವೆಟ್‌ಸೂಟ್ ಬೇಕಾಯಿತು.

ಹೆಂಡತಿ ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವವಳು. ಎಲ್ಲರ ಬಾಯಲ್ಲೂ ಟಿಕೆಟಮ್ಮ. ಹತ್ತೊಂಬತ್ತು ವರ್ಷ ಕಿಟಕಿಯ ಹಿಂದೆ ಕೂತು ಊರಿಗೆಲ್ಲ ನೀರು ಹಂಚಿದವಳು. ಕೊನೆಯ ಎಂಟು ವರ್ಷ, ಕೊಳ ಮುಚ್ಚುವ ಮೊದಲಿನ ಅರ್ಧ ಗಂಟೆ ತಾನೂ ಇಳಿದು, ಗೋಡೆ ಹಿಡಿದು ಶುರುಮಾಡಿ, ಈಗ ಮೀನಿಗೇ ದಾರಿ ಬಿಡು ಅನ್ನುವಷ್ಟು ಈಜು ಕಲಿತಿದ್ದಳು. ಆ ಕಿಟಕಿಯ ಜಾಗಕ್ಕೆ ಈಗ ಮಶೀನು ಬರುವುದಿತ್ತು. ಮ್ಯಾನೇಜರು ಕರೆದು ಹೇಳಿದ್ದ: ಊರಾಚೆಯ ದೊಡ್ಡ ಕೆರೆಗೆ ಕಾವಲು ಈಜುಗಾರರು ಬೇಕು, ವರ್ಷಕ್ಕೊಮ್ಮೆ ಪರೀಕ್ಷೆ, ಪಾಸಾದರೆ ಅಲ್ಲಿ ಕೆಲಸ. ಇಲ್ಲವಾದರೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸೋದು.

"ಗಡಿಯಾರ ನಮ್ಮನೇಲಿ ಆಗಲೇ ಮೂರಿದೆ," ಎಂದಳು ಟಿಕೆಟಮ್ಮ ಮನೆಗೆ ಬಂದು. "ನಾನು ಕೆರೆಗೇ ಬೀಳ್ತೀನಿ."

"ಹಾಗೆಲ್ಲ ಅನ್ನಬೇಡ ಕಣೇ," ಎಂದ ಟೈಲರ್, ಕತ್ತರಿ ಕೆಳಗಿಟ್ಟು.

ಅವನಿಗೆ ನೀರೆಂದರೆ ಮೊದಲೇ ಆಗದು. ಸ್ನಾನದ ಬಕೆಟ್ಟನ್ನು ಅರ್ಧಕ್ಕಿಂತ ಮೇಲೆ ತುಂಬಿಸುತ್ತಿರಲಿಲ್ಲ. ಅಂಥದ್ದರಲ್ಲಿ ಈ ಕೆರೆ, ಬೆಟ್ಟದ ಹಿಮ ಕರಗಿ ಬಂದು ನಿಂತ ನೀರು. ಹನ್ನೆರಡು ಡಿಗ್ರಿ. ಅದರಲ್ಲಿ ನಲವತ್ತು ನಿಮಿಷ ಇರಬೇಕು, ಆಮೇಲೆ ಆಳು ತೂಕದ ಒಂದು ಬೊಂಬೆಯನ್ನು ದಡಕ್ಕೆ ಎಳೆದು ತರಬೇಕು. ಬರೀ ಮೈಯಲ್ಲಿ ಇಳಿದವರು ಹತ್ತು ನಿಮಿಷಕ್ಕೆ ಮರಗಟ್ಟಿ ಹೋಗುತ್ತಾರೆ. ಅದಕ್ಕೇ ವೆಟ್‌ಸೂಟ್.

ಇಬ್ಬರೂ ಹೋಗಿ ಕೊಂಡರು. ಅಂಗಡಿಯಾಕೆ ಅಗಲ ಭುಜದ, ನೇರ ಮಾತಿನ ಹೆಂಗಸು. ಟಿಕೆಟಮ್ಮನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಎರಡು ಕಪ್ಪು ಸೂಟು ತಂದು ಮೇಜಿನ ಮೇಲೆ ಹಾಕಿದಳು.

"ಎರಡೂ ಐದು ಮಿಲಿಮೀಟರ್ ದಪ್ಪ, ತೋಳಿಗೆ ಮೂರು. ಈ ತಣ್ಣೀರಿಗೆ ಇದಕ್ಕಿಂತ ತೆಳು ತಗೊಂಡ್ರೆ ನಡುಗ್ತೀರ, ದಪ್ಪ ತಗೊಂಡ್ರೆ ಕೈ ಎತ್ತಕ್ಕಾಗಲ್ಲ. ಇನ್ನು ಅಳತೆ. ಇದು ಚಿಕ್ಕದು, ಇದು ಅದರ ಮೇಲಿಂದು. ಚಿಕ್ಕದು ಮೊದಲು ಹಾಕ್ಕೊಳಿ."

ಟೈಲರ್ ಸೂಟನ್ನು ಮಗುಚಿ ಹೊಲಿಗೆ ನೋಡಿದ. ರಬ್ಬರಿನ ಅಂಚಿಗೆ ಅಂಚು ಕೂಡಿಸಿ ಅಂಟು ಹಾಕಿ, ಸೂಜಿ ಆಚೆಗೆ ದಾಟದ ಹಾಗೆ ಅರ್ಧ ದಪ್ಪದಲ್ಲೇ ತಿರುಗಿಸಿ ತಂದ ಹೊಲಿಗೆ. ಪ್ಯಾಂಟಿನ ಅಂಚು ಮಡಿಚಿ ಹಾಕುವ ಕಾಣದ ಹೊಲಿಗೆಯ ಅಣ್ಣನೇ ಇದು. ಹೊಲಿದವನು ಯಾರೇ ಇರಲಿ ಕೆಲಸ ಬಲ್ಲವನು ಎಂದು ಮನಸ್ಸಿನಲ್ಲೇ ಒಪ್ಪಿದ.

ಪರದೆಯ ಹಿಂದೆ ಟಿಕೆಟಮ್ಮ ಕಾಲಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಶುರುಮಾಡಿದಳು. ಸೂಟು ಜಾರಲಿ ಅಂತ ಆ ಉಪಾಯ. ಮೂವತ್ತೈದು ನಿಮಿಷ ಒಳಗಿನಿಂದ ದನ ಕರು ಹಾಕುವಾಗಿನ ಸದ್ದು ಬಂತು. ಕೊನೆಗೆ ಪರದೆ ಸರಿಸಿ ಬಂದಳು. ಬೆನ್ನ ಜಿಪ್ಪನ್ನು ಅಂಗಡಿಯಾಕೆ ಒಂದೇ ಏಟಿಗೆ ಎಳೆದಳು. ಟಿಕೆಟಮ್ಮನ ಮುಖ ಟೊಮೆಟೊ ಬಣ್ಣಕ್ಕೆ ಬಂತು.

ಟೈಲರ್ ಹೋಗಿ ಕತ್ತಿನ ಪಟ್ಟಿಯಲ್ಲಿ ಎರಡು ಬೆರಳು ತೂರಿಸಲು ನೋಡಿದ. ಉಗುರೂ ಹೋಗಲಿಲ್ಲ.

"ಇದು ಆಗಲ್ಲ. ಬೆರಳೇ ಹೋಗ್ತಿಲ್ಲ."

"ಹೋಗಬಾರದು ಸಾರ್. ಅದೇ ಸರಿಯಾದ ಅಳತೆ."

"ಅವಳು ಉಸಿರಾಡಬೇಕಲ್ಲಮ್ಮ!"

"ಆಡ್ತಿದಾರಲ್ಲ. ನೋಡಿ, ಬೈಯಕ್ಕೆ ಬಾಯಿ ತೆಗೀತಿದಾರೆ."

"ರೀ, ನೀವು ಸ್ವಲ್ಪ ಕೂತ್ಕೊಳಿ," ಎಂದಳು ಟಿಕೆಟಮ್ಮ.

ಅಂಗಡಿಯಾಕೆ ಅವಳ ತೋಳು ಎತ್ತಿಸಿ, ಬಗ್ಗಿಸಿ, ಬೆನ್ನ ಕುಳಿಯನ್ನೂ ಕಂಕುಳನ್ನೂ ಅಂಗೈಯಿಂದ ಒತ್ತಿ ನೋಡಿ, ಎಲ್ಲೂ ಟೊಳ್ಳು ಇರಬಾರದು ಎಂದಳು. ಯಾಕೆ ಎಂಬುದನ್ನೂ ಬಿಡಿಸಿ ಹೇಳಿದಳು. ಟಿಕೆಟಮ್ಮ ತಲೆಯಾಡಿಸಿದಳು. ಟೈಲರನ ಕಿವಿ ಮಾತ್ರ ಅಲ್ಲಿರಲಿಲ್ಲ. ಹೆಂಡತಿಯ ಕತ್ತಿನ ಮೇಲೆ ಎದ್ದ ಕೆಂಪು ಗೆರೆಯನ್ನೇ ನೋಡುತ್ತ ಅವನು ಹೆಡ್‌ಮಾಸ್ತರ ಹತ್ತಿರ ಹೋಗಿಬಿಟ್ಟಿದ್ದ.

ಟಿಕೆಟಮ್ಮ ಚಿಕ್ಕದನ್ನೇ ಆರಿಸಿದಳು. ಮನೆಗೆ ತಂದು ಮಡಿಚಿ ಚೀಲದಲ್ಲಿಟ್ಟಳು. ಪರೀಕ್ಷೆಗೆ ಆರು ವಾರವಿತ್ತು. ಕೊಳದ ನೀರು ಬೆಚ್ಚಗಿರುವುದರಿಂದ ಅಭ್ಯಾಸಕ್ಕೆ ಅದು ಬೇಕಿರಲಿಲ್ಲ, ಮೂವತ್ತೈದು ನಿಮಿಷದ ಆ ಕುಸ್ತಿಯನ್ನು ಸುಮ್ಮನೆ ಇನ್ನೊಮ್ಮೆ ಆಡುವ ಆಸೆಯೂ ಇರಲಿಲ್ಲ.

ಟೈಲರ್ ಮೂರು ದಿನ ತಡೆದ. ಊಟ ಮಾಡುವಾಗ ಹೆಂಡತಿ ಕೆಮ್ಮಿದರೆ ಬೆಚ್ಚಿಬೀಳುತ್ತಿದ್ದ. ನೀರಿನ ನಡುವೆ, ಯಾರೂ ಕೈಗೆ ಸಿಗದ ಕಡೆ, ಆ ಸೂಟು ಅವಳ ಎದೆಯನ್ನು ಹಿಚುಕಿದರೆ? ನಾಲ್ಕನೆಯ ದಿನ ಮಧ್ಯಾಹ್ನ, ಅವಳು ಕೊಳಕ್ಕೆ ಹೋದದ್ದೇ ತಡ, ಚೀಲದಿಂದ ಸೂಟು ತೆಗೆದು ಮೇಜಿನ ಮೇಲೆ ಹಾಸಿದ. ಎರಡೂ ಪಕ್ಕದಲ್ಲಿ ಕಂಕುಳಿಂದ ಸೊಂಟದವರೆಗೆ ಹೊಲಿಗೆ ಬಿಚ್ಚಿದ. ಗಿರಾಕಿಯೊಬ್ಬ ಬಿಟ್ಟುಹೋಗಿದ್ದ ಕಪ್ಪು ರೇನ್‌ಕೋಟು ಕತ್ತರಿಸಿ, ಒಂದೊಂದು ಪಕ್ಕಕ್ಕೂ ಎರಡೆರಡು ಬೆರಳಿನ ಪಟ್ಟಿ ಸೇರಿಸಿದ. ಕತ್ತಿನ ಪಟ್ಟಿಯನ್ನು ಮಾತ್ರ, ಜಿಪ್ಪು ಕೆಟ್ಟೀತೆಂಬ ಭಯಕ್ಕೆ, ಮುಟ್ಟಲಿಲ್ಲ. ತನ್ನನ್ನು ಬಿಚ್ಚಿದ್ದು ಸೂಟಿಗೇ ಗೊತ್ತಾಗದ ಹಾಗೆ ಹೊಲಿದ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹೊಲಿದಿರಲಿಲ್ಲ. ಆ ದಿನದಿಂದ ಅವನಿಗೆ ಅನ್ನ ರುಚಿಸಿತು.

ಅದೇ ವಾರ ಟಿಕೆಟಮ್ಮನ ತಮ್ಮ, ಬಸ್ ಡ್ರೈವರು, ಅಕ್ಕನೊಬ್ಬಳೇ ಯಾಕೆ ಮುಳುಗಬೇಕು ಎಂದು ತಾನೂ ಪರೀಕ್ಷೆಗೆ ಹೆಸರು ಕೊಟ್ಟ. ಡಿಪೋದ ದಪ್ಪ ಗೆಳೆಯನೊಬ್ಬನ ಸೂಟನ್ನು ಸಾಲವಾಗಿ ತಂದು ಭಾವನ ಮುಂದೆ ತೊಟ್ಟು ನಿಂತ.

"ಹೇಗಿದೆ ಭಾವ?"

ಟೈಲರ್ ಕತ್ತಿನಲ್ಲಿ ಎರಡು ಬೆರಳು ತೂರಿಸಿದ. ಹೋದವು. ಕಂಕುಳಲ್ಲಿ ಇಡೀ ಕೈಯೇ ಹೋಯಿತು.

"ನಿನಗಾದ್ರೂ ಬುದ್ಧಿ ಇದೆಯಲ್ಲಪ್ಪ," ಎಂದ. "ಇದು ನೋಡು, ಮನುಷ್ಯರು ಹಾಕೋ ಅಳತೆ."

ಪರೀಕ್ಷೆಯ ಬೆಳಿಗ್ಗೆ ಕೆರೆಯ ದಡದಲ್ಲಿ ಎರಡು ಡೇರೆ, ಒಂದು ಮೇಜು, ಒಂದು ದೋಣಿ, ಕೊರಳಿಗೆ ಸೀಟಿ ಕಟ್ಟಿಕೊಂಡ ಪರೀಕ್ಷಕಿ. ನೀರು ಬೂದಿ ಬಣ್ಣಕ್ಕಿತ್ತು, ನೋಡಿದರೇ ಹಲ್ಲು ಜುಮ್ಮೆನ್ನುತ್ತಿತ್ತು. ಪರೀಕ್ಷಕಿ ನಿಯಮ ಓದಿದಳು: ನಲವತ್ತು ನಿಮಿಷ, ಬೊಂಬೆ, ದಡ. ದಡಕ್ಕೆ ಪೂರ್ತಿ ಬರುವ ಮೊದಲು ಯಾರಾದರೂ ಮುಟ್ಟಿದರೆ ಪರೀಕ್ಷೆ ರದ್ದು, ಮುಂದಿನ ವರ್ಷ ಬನ್ನಿ.

ಡ್ರೈವರ್ ಮೊದಲ ಸರದಿಯಲ್ಲಿ ಇಳಿದ. ಬಸ್ಸಿನ ಹಾರ್ನ್ ಸದ್ದನ್ನು ಬಾಯಲ್ಲೇ ಮಾಡಿ ಧುಮುಕಿದ. ಅದೇ ಹೊತ್ತಿಗೆ ಟಿಕೆಟಮ್ಮ ಡೇರೆಯೊಳಗೆ ಹೋದಳು. ಟೈಲರ್ ಹೊರಗೆ ಸ್ಟೂಲಿನ ಮೇಲೆ ಮೂವತ್ತೈದು ನಿಮಿಷಕ್ಕೆ ಸಿದ್ಧನಾಗಿ ಕೂತ. ಆರನೆಯ ನಿಮಿಷಕ್ಕೆ ಅವಳು ಹೊರಗೆ ಬಂದಳು.

"ರೀ! ನೋಡ್ರೀ ಇಲ್ಲಿ! ಸರ್ರಂತ ಏರಿಬಿಡ್ತು!" ಎಂದಳು. ಕಣ್ಣು ಮಿಂಚುತ್ತಿತ್ತು. "ಆರು ವಾರ ಈಜಿದ್ದು ಸುಮ್ಮನೆ ಅಲ್ಲ. ನನ್ನ ಮೈ ಇಳಿದುಬಿಟ್ಟಿದೆ, ಸಣ್ಣ ಆಗಿದೀನಿ!"

ಸರದಿಯಲ್ಲಿ ನಿಂತಿದ್ದ ಇಬ್ಬರು ಹೆಂಗಸರಿಗೂ ಹೇಳಿದಳು. ಅವರು ಹೌದು ಹೌದು ಎಂದರು. ಮದುವೆಯಾದಾಗಿನಿಂದ ಹೆಂಡತಿಯ ಮುಖದಲ್ಲಿ ಅಂಥ ಸಂತೋಷವನ್ನು ಟೈಲರ್ ನಾಲ್ಕು ಸಲ ನೋಡಿದ್ದ. ನಾಲ್ಕರಲ್ಲಿ ಒಂದಕ್ಕೂ ತಾನು ಕಾರಣನಾಗಿರಲಿಲ್ಲ. ಈಗ ಐದನೆಯದಕ್ಕೆ ಕಾರಣನಾಗಿದ್ದ, ಆದರೆ ಹೇಳುವಂತಿರಲಿಲ್ಲ. ಹೇಳುವ ಅಗತ್ಯವೂ ಇಲ್ಲವಲ್ಲ ಎಂದುಕೊಂಡು ಅವನು ಪಕ್ಕಕ್ಕೆ ಮುಖ ತಿರುಗಿಸಿ ಸಣ್ಣಗೆ ನಕ್ಕ.

ಆಗಲೇ ನೀರಿನಿಂದ ಡ್ರೈವರ್ ಹೊರಗೆ ಬಂದದ್ದು. ನಡೆದು ಬರಲಿಲ್ಲ, ಎರಡು ಜನ ತೋಳು ಹಿಡಿದು ತಂದರು. ಹನ್ನೊಂದೇ ನಿಮಿಷ. ತುಟಿ ನೇರಳೆ ಹಣ್ಣಿನ ಹಾಗಿತ್ತು. ಕಾಲಿನ ತುದಿಯಿಂದ ನೀರು ಕೊಡಪಾನ ಬಗ್ಗಿಸಿದ ಹಾಗೆ ಸುರಿಯುತ್ತಿತ್ತು. ಅವನಿಗೆ ಕಂಬಳಿ ಹೊದಿಸಿ ಟೈಲರನ ಸ್ಟೂಲಿನಲ್ಲೇ ಕೂರಿಸಿದರು.

"ಏನಾಯ್ತೋ?"

"ಭಾ... ಭಾವ," ಎಂದ ಡ್ರೈವರ್ ಹಲ್ಲು ಕಟಕಟಿಸುತ್ತ. "ಈ ಸೂಟು ಸೂಟಲ್ಲ, ಬಸ್ ಸ್ಟ್ಯಾಂಡು. ಕತ್ತಲ್ಲಿ ತಣ್ಣೀರು ಹತ್ತುತ್ತೆ, ಕಾಲಲ್ಲಿ ಇಳಿಯುತ್ತೆ, ಮತ್ತೆ ಹೊಸಾದು ಹತ್ತುತ್ತೆ. ಒಂದು ಹನಿನೂ ಕೂತು ಬಿಸಿಯಾಗಲ್ಲ."

ಪರೀಕ್ಷಕಿ ಹಾಳೆಯಲ್ಲಿ ಅವನ ಹೆಸರಿಗೆ ಗೆರೆ ಎಳೆಯುತ್ತ, ತಲೆ ಎತ್ತದೆ ಹೇಳಿದಳು: "ಸಡಿಲ ಸೂಟು. ಪ್ರತಿ ವರ್ಷ ಒಬ್ಬರಾದ್ರೂ ಇರ್ತಾರೆ. ಒಳಗೆ ಸೇರಿದ ಚೂರು ನೀರು ಅಲ್ಲೇ ನಿಂತ್ರೆ ಮೈ ಅದನ್ನ ಬಿಸಿ ಮಾಡ್ಕೊಳತ್ತೆ. ನಿಲ್ಲಬೇಕು ಅಂದ್ರೆ ಬಿಗಿ ಇರಬೇಕು. ಅಂಗಡೀಲಿ ಹೇಳ್ತಾರಲ್ಲ?"

ಹೇಳಿದ್ದರು. ಟೈಲರನ ಕಿವಿಗೆ ಅದು ಆರು ವಾರ ತಡವಾಗಿ ಬಂದು ಮುಟ್ಟಿತು.

"ಮುಂದಿನ ಸರದಿ ಇಪ್ಪತ್ತು ನಿಮಿಷಕ್ಕೆ," ಎಂದಳು ಪರೀಕ್ಷಕಿ.

ಟಿಕೆಟಮ್ಮ ತಮ್ಮನ ಬೆನ್ನು ಉಜ್ಜುತ್ತಿದ್ದಳು. ಟೈಲರ್ ಅವಳ ಹತ್ತಿರ ಹೋಗಿ ನಿಂತ. ಬಾಯಿ ತೆರೆದ. ಬೇರೆಯೇ ಮಾತು ಬಂತು.

"ನಂಗೆ ಹೊಟ್ಟೆ ನೋಯ್ತಿದೆ. ಮನೆಗೆ ಹೋಗೋಣ್ವಾ?"

"ಡೇರೆ ಹಿಂದೆ ಶೌಚಾಲಯ ಇದೆ. ಹೋಗಿ ಬನ್ನಿ."

"ಅದಲ್ಲ. ಮೋಡ ಬೇರೆ ಕಟ್ತಾ ಇದೆ. ಮುಂದಿನ ವರ್ಷ..."

"ಮುಂದಿನ ವರ್ಷ ನಾನು ಗಡಿಯಾರ ನೋಡ್ಕೊಂಡು ಕೂತಿರ್ತೀನಿ. ನಿಮಗೇನ್ರೀ ಆಗಿದೆ?"

ಟೈಲರ್ ಕೆರೆಯ ಕಡೆ ನೋಡಿದ. ನಡುವೆ ಕಿತ್ತಳೆ ಬಣ್ಣದ ತೇಲುಗುಂಡೊಂದು ಅಲುಗುತ್ತಿತ್ತು, ಅಲ್ಲಿಯ ತನಕ ಕೈಗೆ ಹಿಡಿಯಲು ಒಂದು ಕಡ್ಡಿಯೂ ಇರಲಿಲ್ಲ. ಸುಮ್ಮನಿದ್ದರೆ ಹನ್ನೊಂದು ನಿಮಿಷಕ್ಕೆ ಅವಳೂ ನೇರಳೆಯಾಗುತ್ತಾಳೆ, ಇನ್ನೂ ಹಟ ಮಾಡಿದರೆ ಏನಾಗುತ್ತಾಳೆಂಬುದನ್ನು ಅವನ ತಲೆ ಯೋಚಿಸಲು ಒಪ್ಪಲಿಲ್ಲ. ಹೇಳಿದರೆ ಅವಳ ಮುಖದ ಆ ಬೆಳಕು ಹೋಗುತ್ತದೆ. ಮೂವತ್ತು ವರ್ಷದಲ್ಲಿ ಒಂದು ಬಟ್ಟೆಯನ್ನೂ ಕೆಡಿಸದ ಕೈ ಕೆಡಿಸಿದ್ದು ಇದನ್ನು.

"ನಿನ್ನ ಸೂಟು ನಾನು ಬಿಚ್ಚಿದ್ದೆ," ಎಂದ.

ಟಿಕೆಟಮ್ಮನ ಕೈ ತಮ್ಮನ ಬೆನ್ನ ಮೇಲೆ ನಿಂತಿತು.

"ತಂದ ವಾರದಲ್ಲೇ. ಎರಡೂ ಪಕ್ಕ. ಎರಡೆರಡು ಬೆರಳು ರೇನ್‌ಕೋಟ್ ಬಟ್ಟೆ ಇಟ್ಟು ಹೊಲಿದೆ. ನಿಂಗೆ ಉಸಿರು ಕಟ್ಟಿಬಿಡತ್ತೆ ಅಂತ ಭಯ ಆಯ್ತು ಕಣೇ."

ಅವಳು ತೋಳು ಎತ್ತಿ ಪಕ್ಕವನ್ನು ಮುಟ್ಟಿ ನೋಡಿಕೊಂಡಳು. ಪಟ್ಟಿ ಬೆರಳಿಗೆ ಸಿಕ್ಕಿತು. ಟೈಲರ್ ಬೈಗುಳಕ್ಕೆ ಸಿದ್ಧನಾಗಿದ್ದ, ಅಳುವಿಗೆ ಸಿದ್ಧನಾಗಿದ್ದ, ಕೆರೆಗೆ ತಳ್ಳಿದರೆ ಯಾವ ಕಡೆ ಬೀಳಬೇಕೆಂದೂ ನೋಡಿಟ್ಟುಕೊಂಡಿದ್ದ.

"ಅಂದ್ರೆ ನನ್ನ ಮೈ ಇಳಿದಿಲ್ಲ," ಎಂದಳು ಅವಳು.

ಈ ಮಾತಿಗೆ ಮಾತ್ರ ಅವನು ಸಿದ್ಧನಾಗಿರಲಿಲ್ಲ.

"ಅಕ್ಕ, ನೀರಿಗೆ ಇಳೀಬೇಡ. ನನ್ನ ನೋಡು," ಎಂದ ಡ್ರೈವರ್ ಕಂಬಳಿಯೊಳಗಿಂದ.

ಟಿಕೆಟಮ್ಮ ಒಮ್ಮೆ ನೀರು ನೋಡಿದಳು, ಒಮ್ಮೆ ಪರೀಕ್ಷಕಿಯ ಕೈಗಡಿಯಾರ ನೋಡಿದಳು. "ಸೂಜಿ ಇದೆಯಾ?" ಎಂದಳು.

ಟೈಲರ್ ಅಂಗಿಯ ಕಾಲರು ತಿರುಗಿಸಿದ. ಅಲ್ಲಿ ಯಾವಾಗಲೂ ಮೂರು ಸೂಜಿ ಇರುತ್ತಿದ್ದವು, ದಾರ ಪೋಣಿಸಿದ್ದವು; ಒಂದರಲ್ಲಿ ಮೇಣ ಹಚ್ಚಿದ ಕಪ್ಪು ದಾರ.

"ಹೊಲೀರಿ. ಮೈ ಮೇಲೇ ಹೊಲೀರಿ."

ಅವಳು ತೋಳೆತ್ತಿ ನಿಂತಳು. ಟೈಲರ್ ಮೊಣಕಾಲೂರಿದ. ತಾನು ಇಟ್ಟ ಪಟ್ಟಿಯನ್ನು ಹೊರಗೆ ಹಿಂಡಿ, ರಬ್ಬರಿನ ಅಂಚಿಗೆ ಅಂಚು ತಂದು, ಅರ್ಧ ದಪ್ಪದಲ್ಲೇ ಸೂಜಿ ತಿರುಗಿಸಿದ. ಒಂದು ಕೂದಲೆಳೆ ಆಳ ಹೋದರೂ ನೀರಿಗೆ ತೂತು, ಇನ್ನೊಂದೆಳೆ ಹೋದರೆ ಹೆಂಡತಿಗೆ. ಬೆವರು ಕಣ್ಣಿಗಿಳಿಯಿತು.

"ಬಿಗಿ ಎಳೀರಿ."

"ಎಳೆದಿದೀನಿ."

"ಇನ್ನೂ ಎಳೀರಿ."

"ಉಸಿರು?"

"ಉಸಿರು ನನ್ನದು. ದಾರ ನಿಮ್ಮದು. ಎಳೀರಿ."

ಎಳೆದ. ಪಟ್ಟಿ ಪೂರ್ತಿ ಹೊರಗೆ ಬಂದ ಮೇಲೂ ಅಂಚು ಅವನ ಚಿಟಿಕೆಗೆ ಇನ್ನೂ ಸ್ವಲ್ಪ ಸಿಕ್ಕಿತು. ಟೈಲರ್ ಅರೆಗಳಿಗೆ ನಿಂತು ಅದನ್ನು ಬೆರಳಿನಲ್ಲೇ ಅಳೆದು, ಅದನ್ನೂ ಸೇರಿಸಿ ಹೊಲಿದ. ಬಲಪಕ್ಕ ಮುಗಿಸಿ ಎಡಕ್ಕೆ ಬಂದ. ಪರೀಕ್ಷಕಿ "ಐದು ನಿಮಿಷ" ಎಂದಳು. ಆಮೇಲೆ "ಎರಡು" ಎಂದಳು. ಮಧ್ಯದ ಮೂರು ನಿಮಿಷ ಎಲ್ಲಿ ಹೋದವೋ ಟೈಲರನಿಗೆ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಎಡ ಕಂಕುಳ ಕೊನೆಯ ಮೂರು ಹೊಲಿಗೆ ಹಾಕುವಾಗ ಕೈ ನಡುಗಿತು. ಹಲ್ಲಿನಲ್ಲಿ ದಾರ ಕಡಿದು, ಪಕ್ಕಕ್ಕೆ ಬೆರಳು ಒತ್ತಿ ನೋಡಿದ. ಹೋಗಲಿಲ್ಲ. ಬೆರಳು ಹೋಗಲಿಲ್ಲವೆಂದು ಅವನು ಸಮಾಧಾನಪಟ್ಟದ್ದು ಅದೇ ಮೊದಲು.

ಎರಡೂ ಪಕ್ಕದಲ್ಲಿ ರೇನ್‌ಕೋಟ್ ಬಟ್ಟೆ ಹೊರಗೆ ಮಡಿಚಿ ನಿಂತಿತ್ತು.

"ಏನಿದು, ಈಜುರೆಕ್ಕೆ?" ಎಂದಳು ಪರೀಕ್ಷಕಿ.

"ನಮ್ಮನೆಯವರ ಡಿಸೈನು," ಎಂದು ಟಿಕೆಟಮ್ಮ ನೀರಿಗೆ ಇಳಿದಳು.

ಡ್ರೈವರ್ ಕಂಬಳಿಯೊಳಗೇ ಕೂತು ನಿಮಿಷ ಕೂಗತೊಡಗಿದ. ಹತ್ತು. ಅವಳ ತಲೆ ತೇಲುಗುಂಡಿನ ಸುತ್ತ ಒಂದೇ ಹದದಲ್ಲಿ ಹೋಗುತ್ತಿತ್ತು. ಹನ್ನೊಂದು. ಟೈಲರ್ ಕಣ್ಣು ಮುಚ್ಚಿ, ತೆರೆದ. ತಲೆ ಅಲ್ಲೇ ಇತ್ತು. ಇಪ್ಪತ್ತು. ಅವನು ಟವೆಲನ್ನು ಹಿಂಡುತ್ತಿದ್ದ. ಒಣ ಟವೆಲಿನಿಂದ ಎರಡು ಹನಿ ನೀರು ಬಿತ್ತೆಂದು ಡ್ರೈವರ್ ಆಮೇಲೆ ಡಿಪೋದಲ್ಲಿ ಹೇಳಿದ್ದಾನೆ. ಒಂದೇ ಹನಿ ಇದ್ದೀತು. ಮೂವತ್ತಕ್ಕೆ ಅವಳ ಎಡಗೈ ನಿಧಾನವಾಯಿತು. ಬಲಗೈ ಎರಡು ಸಲ ಬೀಸಿದರೆ ಎಡಗೈ ಒಂದು ಸಲ.

"ಎಡಗಡೆ ನೀರು ಹೋಗ್ತಿದೆ," ಎಂದ ಟೈಲರ್ ಯಾರಿಗೋ. "ಕೊನೆಯ ಮೂರು ಹೊಲಿಗೆ. ನನ್ನ ಕೈ ಅಲ್ಲಿ ಸಡಿಲ ಬಿಟ್ಟಿದೆ. ನಾನು ಬಿಡಲಿಲ್ಲ, ಕೈಯೇ ಬಿಟ್ಟಿದೆ."

ಮೂವತ್ತೈದು. ಎಡಗೈ ಬೀಸುವುದೇ ನಿಂತಿತು, ಮೈಗೆ ಅಂಟಿಕೊಂಡಿತು. ಅವಳು ಒಂದೇ ಕೈಯಲ್ಲಿ ಈಜತೊಡಗಿದಳು.

"ಅಕ್ಕ ಕಂಕುಳು ಮುಚ್ಚಿಕೊಂಡಳು ಭಾವ! ತೂತು ಮುಚ್ಚಿಕೊಂಡಳು!" ಎಂದು ಡ್ರೈವರ್ ಕಂಬಳಿ ಬಿಟ್ಟು ಎದ್ದ.

ನಲವತ್ತಕ್ಕೆ ಪರೀಕ್ಷಕಿ ಸೀಟಿ ಊದಿದಳು. ದೋಣಿಯಿಂದ ಬೊಂಬೆಯನ್ನು ನೀರಿಗೆ ಎಸೆದರು. ಟಿಕೆಟಮ್ಮ ಅದರ ಗದ್ದಕ್ಕೆ ಮೊಣಕೈ ಕೊಟ್ಟು, ಬೆನ್ನ ಮೇಲೆ ಮಲಗಿ, ಕಾಲು ಬಡಿಯುತ್ತ ದಡದ ಕಡೆ ಹೊರಟಳು. ಬರುತ್ತಿದ್ದಳೋ ನಿಂತಿದ್ದಳೋ ತಿಳಿಯದಷ್ಟು ನಿಧಾನ. ಟೈಲರ್ ಎದುರಿಗೆ ಹೋದ. ಬಕೆಟ್ಟಿನ ಅರ್ಧಕ್ಕೆ ಹೆದರುವವನು ಚಪ್ಪಲಿ ಸಮೇತ ಮೊಣಕಾಲು ದಾಟಿ ನೀರಿನಲ್ಲಿ ನಿಂತಿದ್ದು ಅವನಿಗೆ ಗೊತ್ತಾಗಲೇ ಇಲ್ಲ.

"ಮುಟ್ಟಬೇಡಿ!" ಎಂದು ಪರೀಕ್ಷಕಿ ಕೂಗಿದಳು.

ದಡಕ್ಕೆ ಹತ್ತು ಹೆಜ್ಜೆ ಇರುವಾಗ, ಟೈಲರನ ಪಕ್ಕದಲ್ಲೇ, ಟಿಕೆಟಮ್ಮನ ಕಾಲಿಗೆ ನೆಲ ಸಿಕ್ಕಿತು. ಎದ್ದಳು, ಮುಗ್ಗರಿಸಿದಳು, ಬೊಂಬೆ ಕೈಯಿಂದ ಜಾರಿತು. ಟೈಲರನ ಕೈ ತಾನಾಗಿ ಮುಂದೆ ಹೋಯಿತು. ಅವಳ ಮೊಣಕೈಗೆ ಇನ್ನು ಎರಡೇ ಬೆರಳು ಇರುವಾಗ ಅದನ್ನು ತಡೆದು, ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆಳೆದುಕೊಂಡ. ಅವಳು ಅವನನ್ನೊಮ್ಮೆ ನೋಡಿ, ಬೊಂಬೆಯ ಕಾಲರಿಗೆ ಕೈ ಹಾಕಿ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಅದನ್ನು ಮರಳಿನ ಮೇಲೆ ಎಳೆದುಕೊಂಡು ಹೋಗಿ ಕೂತುಬಿಟ್ಟಳು.

ಪರೀಕ್ಷಕಿ ಹಾಳೆಯಲ್ಲಿ ಏನೋ ಬರೆದು, "ಪಾಸು," ಎಂದಳು. "ಆ ಸೂಟು ಬದಲಾಯಿಸ್ರಮ್ಮ ಮೊದಲು."

ಸೂಟು ಬಿಚ್ಚಲು ಬರಲಿಲ್ಲ, ಎರಡೂ ಪಕ್ಕದ ಹೊಲಿಗೆಯನ್ನು ಕತ್ತರಿಸಬೇಕಾಯಿತು. ಒಂದು ಗಂಟೆ ಅವಳು ಕಂಬಳಿಯಲ್ಲಿ ನಡುಗಿದಳು. ಎಡ ಕಂಕುಳಿಂದ ಕೆಳಗೆ ಅಂಗೈಯಗಲ ಚರ್ಮ ಕೆಂಪಾಗಿ ಮರಗಟ್ಟಿತ್ತು. ಟೈಲರ್ ಬಿಸಿನೀರಿನ ಬಾಟಲಿಯನ್ನು ಅಲ್ಲಿಗೆ ಒತ್ತಿ ಹಿಡಿದು, ತಲೆ ತಗ್ಗಿಸಿ ಕೂತಿದ್ದ. ಬಸ್ಸಿನಲ್ಲಿ ಅವಳು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಕೂತಳು. ಮನೆಯ ತಿರುವು ಬಂದಾಗ ಅವನೇ ಮಾತು ತೆಗೆದ.

"ಪಟ್ಟಿ ಪೂರ್ತಿ ಹಿಂಡಿದ ಮೇಲೂ ಬಟ್ಟೆ ಉಳೀತು ಕಣೇ."

"ಏನು?"

"ಅಂಗಡೀಲಿ ಹಾಕ್ಕೊಂಡಾಗ ಅಂಚಿಗೆ ಅಂಚು ಕೂಡಿತ್ತು, ಉಗುರೂ ಹೋಗ್ತಿರಲಿಲ್ಲ. ಇವತ್ತು ಕೂಡಿಸಿದ ಮೇಲೂ ಆ ಕಡೆ ಅರ್ಧ, ಈ ಕಡೆ ಅರ್ಧ ಉಳೀತು. ಅದನ್ನೂ ಸೇರಿಸಿ ಹೊಲಿದೆ."

ಟಿಕೆಟಮ್ಮ ಕಂಬಳಿಯಿಂದ ಮುಖ ಹೊರಗೆ ತಂದಳು. "ಅಂದ್ರೆ ಎಷ್ಟು ಇಳಿದಿದೀನಿ?"

"ಒಟ್ಟು ಒಂದು ಬೆರಳು."

ಅಳತೆಯ ವಿಷಯದಲ್ಲಿ ಗಂಡ ಸುಳ್ಳು ಹೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

"ಯಾವ ಬೆರಳು?" ಎಂದಳು.

ಟೈಲರ್ ತನ್ನ ಬಲಗೈಯನ್ನು ಬಿಡಿಸಿ ನೋಡಿಕೊಂಡ. "ಕಿರುಬೆರಳು."

"ಸರಿಯಾಗಿ ನೋಡಿ ಹೇಳ್ರೀ."

ಅವನು ಇನ್ನೊಮ್ಮೆ ನೋಡಿದ, ಅವಳ ಮುಖವನ್ನೂ ನೋಡಿದ.

"ಉಂಗುರದ ಬೆರಳು ಅನ್ನಬಹುದು," ಎಂದ. "ಅದಕ್ಕಿಂತ ಮೇಲೆ ನನ್ನ ಕೈಲಿ ಆಗಲ್ಲ."